ವಾಣಿಜ್ಯ ಕಟ್ಟಡದ ಉಪಯೋಗ ಬದಲಾವಣೆಗೆ ನಕ್ಷೆ ಅನುಮೋದನೆ: ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಮಹಾನಗರ ಪಾಲಿಕೆಯು ಮಂಜೂರು ಮಾಡುವ ಕಟ್ಟಡ ನಕ್ಷೆಯು ಗೋಡೆ, ಕಂಬ ಮತ್ತು ಮೆಟ್ಟಿಲುಗಳ ಅಳತೆಗೆ ಮಾತ್ರ ನೀಡುವ ಒಪ್ಪಿಗೆಯಲ್ಲ. ಕಟ್ಟಡದ ಯಾವ ಅಂತಸ್ತನ್ನು ಯಾವ ಉದ್ದೇಶಕ್ಕೆ ಬಳಸತಕ್ಕದ್ದು ಎಂಬುದೂ ಅದೇ ನಕ್ಷೆಯಲ್ಲಿ ನಿಗದಿಯಾಗಿರುತ್ತದೆ. ಅಂಗಡಿ ಎಂದು ಮಂಜೂರಾದ ಭಾಗವನ್ನು ನರ್ಸಿಂಗ್ ಹೋಂ ಆಗಿ, ಕಚೇರಿ ಎಂದು ಮಂಜೂರಾದ ಅಂತಸ್ತನ್ನು ತರಬೇತಿ ಕೇಂದ್ರವಾಗಿ, ವಾಹನ ನಿಲುಗಡೆಗೆಂದು ಬಿಟ್ಟ ನೆಲಮಾಳಿಗೆಯನ್ನು ಉಪಾಹಾರ ಗೃಹವಾಗಿ ಬದಲಾಯಿಸುವ ಮೊದಲು ಮಾಲೀಕರು ಲಿಖಿತ ಅನುಮತಿ ಪಡೆಯತಕ್ಕದ್ದು. “ಕಟ್ಟಡ ಹೇಗೂ ವಾಣಿಜ್ಯ ಕಟ್ಟಡವೇ, ಒಳಗೆ ಯಾವ ವ್ಯಾಪಾರ ನಡೆದರೇನು?” ಎಂಬ ಭಾವನೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಈ ಭಾವನೆಯಿಂದ ಹಲವರು ಹಣ ಕಳೆದುಕೊಂಡಿರುತ್ತಾರೆ. ಕೆಲವು ಪ್ರಕರಣಗಳಲ್ಲಿ ಪ್ರಾಣಹಾನಿಯೂ ಸಂಭವಿಸಿರುತ್ತದೆ.

ಇಲ್ಲಿನ ವಿವರಗಳು ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976 ಅನ್ವಯವಾಗುವ ನಗರಗಳಿಗೆ ಸಂಬಂಧಿಸಿದವು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಾಗಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿದ್ದು, ಅಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಅನ್ವಯಿಸುತ್ತದೆ. ಅಲ್ಲಿನ ಅರ್ಜಿದಾರರು ತಮ್ಮ ಪಾಲಿಕೆಯ ನಗರ ಯೋಜನಾ ಶಾಖೆಯಲ್ಲಿ ವಿಚಾರಿಸತಕ್ಕದ್ದು.

ಗೋಡೆ ಕದಲದಿದ್ದರೂ ಅನುಮತಿ ಏಕೆ?

ಸುಣ್ಣ ಬಣ್ಣ, ಗಿಲಾವು, ನೆಲಹಾಸು ಬದಲಾವಣೆಯಂತಹ ಸಾಮಾನ್ಯ ದುರಸ್ತಿಗೆ ನಕ್ಷೆ ಮಂಜೂರಾತಿ ಬೇಕಾಗುವುದಿಲ್ಲ. ಹಾಗಿರುವಾಗ ಒಂದು ಗೋಡೆಯನ್ನೂ ಒಡೆಯದೆ ಕಚೇರಿಯ ಮೇಜುಗಳನ್ನು ತೆಗೆದು ಬೆಂಚುಗಳನ್ನು ಹಾಕಿದರೆ ಅನುಮತಿ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಲೆಕ್ಕದಲ್ಲಿದೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಕಟ್ಟಡಗಳನ್ನು ಅವುಗಳ ಉಪಯೋಗಕ್ಕೆ ಅನುಸಾರವಾಗಿ ಒಂಬತ್ತು ಗುಂಪುಗಳಾಗಿ ವಿಂಗಡಿಸಿದ್ದು, ಪ್ರತಿ ಗುಂಪಿನಲ್ಲಿ ಒಬ್ಬ ವ್ಯಕ್ತಿಗೆ ಇಷ್ಟು ವಿಸ್ತೀರ್ಣ ಎಂದು ಲೆಕ್ಕ ಹಿಡಿಯುತ್ತದೆ. ಕಚೇರಿಗಳಲ್ಲಿ ಇದು 10 ಚದರ ಮೀಟರ್, ಶೈಕ್ಷಣಿಕ ಉಪಯೋಗದಲ್ಲಿ 4 ಚದರ ಮೀಟರ್, ಊಟದ ಸಭಾಂಗಣಗಳಲ್ಲಿ 1.5 ಚದರ ಮೀಟರ್, ಆಸನಗಳಿರುವ ಸಭಾಭವನಗಳಲ್ಲಿ 0.6 ಚದರ ಮೀಟರ್. ಉದಾಹರಣೆಗೆ, ವಾಣಿಜ್ಯ ಸಂಕೀರ್ಣವೊಂದರ ಮೊದಲ ಅಂತಸ್ತಿನಲ್ಲಿ 240 ಚದರ ಮೀಟರ್ ವಿಸ್ತೀರ್ಣದ ಹಜಾರವಿದೆ ಎಂದು ಭಾವಿಸಿದಲ್ಲಿ, ಕಚೇರಿಯಾಗಿದ್ದಾಗ ಅಲ್ಲಿ ಇರಬಹುದಾದವರು 24 ಮಂದಿ. ಅದೇ ಹಜಾರ ತರಬೇತಿ ತರಗತಿಯಾದರೆ 60 ಮಂದಿ, ಊಟದ ಮನೆಯಾದರೆ 160 ಮಂದಿ, ಆಸನಗಳನ್ನು ಜೋಡಿಸಿದ ಸಭಾಭವನವಾದರೆ 400 ಮಂದಿ. ಮೆಟ್ಟಿಲು ಮಾತ್ರ ಮೊದಲಿದ್ದುದೇ. 24 ಮಂದಿಗೆಂದು ಲೆಕ್ಕ ಹಾಕಿ ಕಟ್ಟಿದ ದಾರಿಯಲ್ಲಿ 400 ಮಂದಿ ಏಕಕಾಲದಲ್ಲಿ ಕೆಳಗಿಳಿಯಬೇಕಾದ ಸಂದರ್ಭವನ್ನು ಅರ್ಜಿದಾರರು ಊಹಿಸಿಕೊಳ್ಳಬಹುದು.

ಮೆಟ್ಟಿಲಿನ ಅಗಲವೂ ಉಪಯೋಗವನ್ನು ಅವಲಂಬಿಸಿರುತ್ತದೆ. ಸಂಹಿತೆಯ ಪ್ರಕಾರ ಶೈಕ್ಷಣಿಕ ಕಟ್ಟಡಗಳಿಗೆ ಕನಿಷ್ಠ 1.5 ಮೀಟರ್ ಅಗಲದ ಮೆಟ್ಟಿಲು ಸಾಕಾದರೆ, ಆಸ್ಪತ್ರೆಗಳಿಗೆ 2 ಮೀಟರ್ ಬೇಕಾಗುತ್ತದೆ. ರೋಗಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ತಿರುಗಿಸಿ ಇಳಿಸಬೇಕಾಗುವುದೇ ಇದಕ್ಕೆ ಕಾರಣ. ನೆಲ ಹೊರುವ ಭಾರದ ವಿಷಯವೂ ಹೀಗೆಯೇ. ಭಾರತೀಯ ಮಾನಕ 875ರ ಎರಡನೆಯ ಭಾಗದ ಪ್ರಕಾರ, ಪ್ರತ್ಯೇಕ ದಾಸ್ತಾನು ಕೊಠಡಿ ಇರುವ ಕಚೇರಿಯ ನೆಲವನ್ನು ಚದರ ಮೀಟರಿಗೆ 2.5 ಕಿಲೋನ್ಯೂಟನ್, ಅಂದರೆ ಸುಮಾರು 250 ಕಿಲೋಗ್ರಾಂ ಭಾರಕ್ಕೆ ವಿನ್ಯಾಸ ಮಾಡಲಾಗುತ್ತದೆ. ಸ್ಥಿರ ಆಸನಗಳಿಲ್ಲದ ಸಭಾಂಗಣಕ್ಕೆ ಇದರ ಎರಡು ಪಟ್ಟು ಹಿಡಿಯಬೇಕಾಗುತ್ತದೆ. ನೆಲ ಈ ಭಾರವನ್ನು ತಾಳುತ್ತದೆಯೇ ಎಂಬುದನ್ನು ಕಣ್ಣಳತೆಯಿಂದ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದುದರಿಂದಲೇ ರಚನಾ ಅಭಿಯಂತರರ ಪ್ರಮಾಣಪತ್ರವನ್ನು ಕೇಳಲಾಗುತ್ತದೆಯೇ ಹೊರತು ಕಡತದ ದಪ್ಪ ಹೆಚ್ಚಿಸುವ ಉದ್ದೇಶದಿಂದಲ್ಲ.

2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ, ನಾಗರಿಕ ಸೇವಾ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ ಮೂವರು ವಿದ್ಯಾರ್ಥಿಗಳು ಮೃತಪಟ್ಟರು. ಸದರಿ ನೆಲಮಾಳಿಗೆಗೆ ಇದ್ದುದು ವಾಹನ ನಿಲುಗಡೆ ಮತ್ತು ದಾಸ್ತಾನಿನ ಅನುಮತಿ. ಬಳಕೆಯಾಗುತ್ತಿದ್ದುದು ಗ್ರಂಥಾಲಯವಾಗಿ. 2019ರ ಮೇ 24ರಂದು ಸೂರತ್‌ನ ವಾಣಿಜ್ಯ ಸಂಕೀರ್ಣವೊಂದರಲ್ಲಿ ಬೆಂಕಿ ಹತ್ತಿ, ಮೇಲಿನ ಅಂತಸ್ತಿನ ತರಗತಿಯಲ್ಲಿದ್ದ 22 ಮಂದಿ ಪ್ರಾಣ ಕಳೆದುಕೊಂಡರು. ಇಳಿಯುವ ದಾರಿ ಇಲ್ಲದೆ ಹಲವರು ಕಿಟಕಿಗಳಿಂದ ಕೆಳಕ್ಕೆ ಜಿಗಿದಿದ್ದರು. ನಕ್ಷೆಯ ಮೇಲೆ ಬರೆದಿರುವ ಉಪಯೋಗದ ಹೆಸರು ಕೇವಲ ಶಾಯಿಯ ಗುರುತಲ್ಲವೆಂಬುದು ಇಂತಹ ಘಟನೆಗಳಿಂದ ವಿದಿತವಾಗುತ್ತದೆ.

ಒಂದನ್ನೊಂದು ಹೋಲುವ ಬೇರೆ ಬೇರೆ ಅನುಮತಿಗಳು

ಅರ್ಜಿದಾರರಲ್ಲಿ ಹೆಚ್ಚಿನ ಗೊಂದಲ ಉಂಟಾಗುವುದು ಇಲ್ಲಿಯೇ. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 95ರಡಿ ಕಂದಾಯ ಇಲಾಖೆಯಿಂದ ಪಡೆಯುವುದು ಭೂಪರಿವರ್ತನೆ. ನಗರದ ಮಹಾಯೋಜನೆಯಲ್ಲಿ ಆ ಜಾಗಕ್ಕೆ ಗುರುತಿಸಿರುವ ವಲಯದಿಂದ ಬೇರೆ ವಲಯಕ್ಕೆ ಬದಲಾಯಿಸಿಕೊಳ್ಳುವುದು ಭೂ ಉಪಯೋಗ ಬದಲಾವಣೆ. ಇದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ವ್ಯಾಪ್ತಿಗೆ ಬರುತ್ತದೆ. ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮುಂತಾದ ನಗರಗಳಲ್ಲಿ ಈ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು. ಕಟ್ಟಡದ ನಕ್ಷೆಯನ್ನು ಹೊಸ ಉಪಯೋಗಕ್ಕೆ ಪರಿಷ್ಕರಿಸಿ ಮಂಜೂರು ಮಾಡುವುದು ಪಾಲಿಕೆ. ತಾತನ ಕಾಲದಲ್ಲಿ ಭೂಪರಿವರ್ತನೆಯಾದ ಆದೇಶವನ್ನು ತೋರಿಸಿ, “ಎಲ್ಲವೂ ಆಗಿದೆ” ಎಂದು ವಾದಿಸುವುದರಿಂದ ಉಳಿದ ಎರಡು ಅನುಮತಿಗಳು ದೊರೆತಂತಾಗುವುದಿಲ್ಲ.

ಎಲ್ಲ ಪ್ರಕರಣಗಳಲ್ಲಿಯೂ ಭೂ ಉಪಯೋಗ ಬದಲಾವಣೆ ಅಗತ್ಯವಿರುವುದಿಲ್ಲ ಎಂಬುದನ್ನೂ ಅರ್ಜಿದಾರರು ಗಮನಿಸಬೇಕು. ಮಹಾಯೋಜನೆಗೆ ಲಗತ್ತಿಸಿರುವ ವಲಯ ನಿಯಮಾವಳಿಯಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ. ಒಂದು, ಸಾಮಾನ್ಯವಾಗಿ ಅನುಮತಿಸಲಾದ ಉಪಯೋಗಗಳು. ಇನ್ನೊಂದು, ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರವು ಅನುಮತಿಸಬಹುದಾದ ಉಪಯೋಗಗಳು. ಉದ್ದೇಶಿತ ಉಪಯೋಗವು ಮೊದಲ ಪಟ್ಟಿಯಲ್ಲಿದ್ದಲ್ಲಿ ಪಾಲಿಕೆಯಿಂದ ಪರಿಷ್ಕೃತ ನಕ್ಷೆ ಪಡೆದರೆ ಸಾಕು. ಎರಡನೆಯ ಪಟ್ಟಿಯಲ್ಲಿದ್ದಲ್ಲಿ ಪ್ರಾಧಿಕಾರದ ಒಪ್ಪಿಗೆ ಬೇಕು. ಎರಡರಲ್ಲಿಯೂ ಇಲ್ಲದಿದ್ದಲ್ಲಿ ಕಲಂ 14-ಎ ಅಡಿ ಭೂ ಉಪಯೋಗ ಬದಲಾವಣೆಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಇದರಲ್ಲಿ ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸುವ ಹಂತವಿರುವುದರಿಂದ ಹೆಚ್ಚು ಕಾಲಾವಕಾಶ ಹಿಡಿಯುತ್ತದೆ. ನೆರೆಹೊರೆಯವರು ಆಕ್ಷೇಪಿಸಬಹುದೆಂಬುದನ್ನೂ ನೆನಪಿನಲ್ಲಿಡಬೇಕು. ಆದುದರಿಂದ ಪ್ರಾಧಿಕಾರದಿಂದ ಆ ಜಾಗದ ವಲಯ ದೃಢೀಕರಣ ಪತ್ರವನ್ನು ಮೊದಲು ಪಡೆದು, ಪಟ್ಟಿಯನ್ನು ಓದಿ, ನಂತರವೇ ವಾಸ್ತುಶಿಲ್ಪಿಗಳ ಬಳಿಗೆ ಹೋಗುವುದು ಸೂಕ್ತ. ಬಹುತೇಕರು ಈ ಕ್ರಮವನ್ನು ತಿರುಗು ಮುರುಗು ಮಾಡಿ, ಬಳಕೆಗೆ ಬಾರದ ನಕ್ಷೆಗಳಿಗೆ ಹಣ ವ್ಯಯಿಸುತ್ತಾರೆ.

ಉದ್ದಿಮೆ ಪರವಾನಗಿಯು ಇವೆಲ್ಲದರಿಂದ ಪ್ರತ್ಯೇಕವಾದುದು. ಪಾಲಿಕೆಯ ಅಧಿನಿಯಮದ ಕಲಂ 353ರಡಿ ಆರೋಗ್ಯ ಶಾಖೆಯು ನೀಡುವ ಈ ಪರವಾನಗಿ ವ್ಯಾಪಾರಕ್ಕೆ ಸಂಬಂಧಿಸಿದ್ದೇ ಹೊರತು ಕಟ್ಟಡದ ಉಪಯೋಗವನ್ನು ಸಕ್ರಮಗೊಳಿಸುವುದಿಲ್ಲ. ಅಂತೆಯೇ ವಾಣಿಜ್ಯ ದರದಲ್ಲಿ ಆಸ್ತಿ ತೆರಿಗೆ ಪಾವತಿಸಿದ ರಶೀದಿಯಾಗಲಿ, ವಾಣಿಜ್ಯ ವಿದ್ಯುತ್ ಬಿಲ್ಲಾಗಲಿ ಅನುಮತಿಗೆ ಸಮನಲ್ಲ.

ಅರ್ಜಿ ಮತ್ತು ಲಗತ್ತುಗಳು

ಅರ್ಜಿಯನ್ನು ಸ್ವತ್ತಿನ ಮಾಲೀಕರೇ ಸಲ್ಲಿಸತಕ್ಕದ್ದು. ಬಾಡಿಗೆದಾರರು ಸಲ್ಲಿಸುವುದಿದ್ದಲ್ಲಿ ಮಾಲೀಕರ ಅಧಿಕಾರ ಪತ್ರ ಬೇಕು. ಅರ್ಜಿಯೊಂದಿಗೆ ಕ್ರಯಪತ್ರ, ಚಾಲ್ತಿ ಖಾತಾ, ಋಣಭಾರ ಪ್ರಮಾಣಪತ್ರ, ಪ್ರಸಕ್ತ ಸಾಲಿನ ತೆರಿಗೆ ರಶೀದಿ, ಈ ಹಿಂದೆ ಮಂಜೂರಾದ ಮೂಲ ನಕ್ಷೆ, ಸ್ವಾಧೀನಾನುಭವ ಪತ್ರ, ಈಗಿರುವ ಕಟ್ಟಡ ಮತ್ತು ಉದ್ದೇಶಿತ ಉಪಯೋಗ ಎರಡನ್ನೂ ತೋರಿಸುವ ಹೊಸ ನಕ್ಷೆ ಹಾಗೂ ರಚನಾ ಸುಭದ್ರತೆಯ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗುತ್ತದೆ. ಉಪಯೋಗಕ್ಕೆ ಅನುಗುಣವಾಗಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಾಗಬಹುದು. ಆಸ್ಪತ್ರೆ ಅಥವಾ ಕ್ಲಿನಿಕ್ ಆದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಣಿ ಹಾಗೂ ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ಸಂಬಂಧಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತಿ ಪ್ರತ್ಯೇಕವಾಗಿ ಅಗತ್ಯ.

ಇವುಗಳಲ್ಲಿ ಹೆಚ್ಚಾಗಿ ಕೊರತೆ ಕಂಡುಬರುವುದು ಮೂಲ ನಕ್ಷೆಯಲ್ಲಿ. ಕಟ್ಟಡ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುವಾಗ ಕ್ರಯಪತ್ರ ಕೈಬದಲಾದರೂ ನಕ್ಷೆ ಬರುವುದಿಲ್ಲ. ಅಂತಹವರು ಪಾಲಿಕೆಗೆ ಅರ್ಜಿ ಸಲ್ಲಿಸಿ ದೃಢೀಕೃತ ನಕಲನ್ನು ಪಡೆಯತಕ್ಕದ್ದು. ಇನ್ನೊಂದು ಅಡಚಣೆ ವಾಹನ ನಿಲುಗಡೆ. ಹೊಸ ಉಪಯೋಗಕ್ಕೆ ಹೆಚ್ಚು ನಿಲುಗಡೆ ಸ್ಥಳ ಬೇಕಾದಾಗ ಅದನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರೆ ಸಾಲದು. ಸ್ಥಳ ಪರಿಶೀಲನೆಯ ದಿನ ಅಲ್ಲಿ ವಾಹನ ಪ್ರವೇಶಿಸಿ ತಿರುಗುವಷ್ಟು ಜಾಗ ಇರಬೇಕು. ನೆಲಮಾಳಿಗೆಯಲ್ಲಿ ಗೋದಾಮು ಮಾಡಿಕೊಂಡು ನಕ್ಷೆಯಲ್ಲಿ ನಿಲುಗಡೆ ಎಂದು ತೋರಿಸಿದ ಅರ್ಜಿಗಳು ಪರಿಶೀಲನೆಯ ಹಂತದಲ್ಲಿಯೇ ಹಿಂದಿರುಗುತ್ತವೆ.

ಸಕಾಲ ವ್ಯಾಪ್ತಿಯಲ್ಲಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಕಾಲ ಸಂಖ್ಯೆ ಇರುವ ಸ್ವೀಕೃತಿಯನ್ನು ಕಡ್ಡಾಯವಾಗಿ ಪಡೆಯಬೇಕು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೋರುವ ಹಕ್ಕು ಅರ್ಜಿದಾರರಿಗಿದೆ. ಮೊತ್ತ ಚಿಕ್ಕದಾದರೂ ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂಬುದನ್ನು ತಿಳಿಯಲು ಈ ಸಂಖ್ಯೆ ಸಹಕಾರಿ. ಇದು ಕೈಯಲ್ಲಿದ್ದರೆ ಮಧ್ಯವರ್ತಿಗಳ ಅಗತ್ಯವೂ ಬೀಳುವುದಿಲ್ಲ.

ಶುಲ್ಕ

ನಕ್ಷೆ ಪರಿಶೀಲನೆ ಮತ್ತು ಪರವಾನಗಿ ಶುಲ್ಕಗಳಲ್ಲದೆ, ಉಪಯೋಗ ಬದಲಾವಣೆಯಿಂದ ಜಾಗ ಅಥವಾ ಕಟ್ಟಡವು ಹೆಚ್ಚಿನ ಆದಾಯ ತರುವಂತಾದಲ್ಲಿ 1961ರ ಅಧಿನಿಯಮದ ಕಲಂ 18ರಡಿ ಯೋಜನಾ ಪ್ರಾಧಿಕಾರವು ಶುಲ್ಕ ವಿಧಿಸಬಹುದು. ಇದು ಅಂದಾಜು ಮೌಲ್ಯವರ್ಧನೆಯ ಮೂರನೆಯ ಒಂದು ಭಾಗವನ್ನು ಮೀರತಕ್ಕದ್ದಲ್ಲ. ಹಣವನ್ನು ಚಲನ್ ಮುಖಾಂತರ ಅಥವಾ ಆನ್‌ಲೈನ್‌ನಲ್ಲಿ ಮಾತ್ರ ಪಾವತಿಸತಕ್ಕದ್ದು.

ಬಾಡಿಗೆ ಕರಾರಿಗೆ ಮುನ್ನ

ಸಾಮಾನ್ಯವಾಗಿ ನಡೆಯುವುದೇನೆಂದರೆ, ಮುಂಗಡ ಹಣ ಕೊಟ್ಟು, ಬಾಡಿಗೆ ಕರಾರು ನೋಂದಾಯಿಸಿ, ಒಳಾಂಗಣಕ್ಕೆ ಸಾಲ ತಂದು ಖರ್ಚು ಮಾಡಿದ ಮೇಲೆ ಬಾಡಿಗೆದಾರರು ಪಾಲಿಕೆಯ ಕಚೇರಿಗೆ ಬರುತ್ತಾರೆ. ಆ ವೇಳೆಗೆ ಬಾಡಿಗೆಯೂ, ಸಾಲದ ಬಡ್ಡಿಯೂ ಓಡುತ್ತಿರುತ್ತವೆ. ವಲಯ ನಿಯಮಾವಳಿಯಲ್ಲಿ ಅವಕಾಶವಿಲ್ಲದಿದ್ದಲ್ಲಿ ಅಧಿಕಾರಿಗಳ ಸಹಾನುಭೂತಿಯಿಂದ ಏನೂ ಆಗುವುದಿಲ್ಲ. ಕಟ್ಟಡವು ಯಾವ ಉಪಯೋಗಕ್ಕೆ ಮಂಜೂರಾಗಿದೆ ಎಂಬುದನ್ನು ಮಂಜೂರಾದ ನಕ್ಷೆಯ ಪ್ರತಿಯಲ್ಲಿ ಕಣ್ಣಾರೆ ನೋಡದೆ ಬಾಡಿಗೆದಾರರು ಮುಂಗಡ ನೀಡಬಾರದು. ಅನುಮತಿ ದೊರೆತ ದಿನದಿಂದ ಬಾಡಿಗೆ ಆರಂಭ, ಅನುಮತಿ ನಿರಾಕರಣೆಯಾದಲ್ಲಿ ಮುಂಗಡ ವಾಪಸ್ಸು, ಶುಲ್ಕಗಳನ್ನು ಭರಿಸುವವರು ಯಾರು ಎಂಬ ಮೂರು ಷರತ್ತುಗಳನ್ನು ಕರಾರಿನಲ್ಲಿ ಬರೆಸಿಕೊಂಡಲ್ಲಿ ಎರಡೂ ಕಡೆಯವರಿಗೆ ಅನುಕೂಲ. ಈ ಷರತ್ತುಗಳಿಗೆ ಮಾಲೀಕರು ಒಪ್ಪದಿದ್ದಲ್ಲಿ, ಆ ಕಟ್ಟಡದ ದಾಖಲೆಗಳನ್ನು ಇನ್ನೊಮ್ಮೆ ನೋಡುವುದು ಒಳಿತು.

ಅನುಮತಿ ಇಲ್ಲದೆ ಬದಲಾಯಿಸಿದಲ್ಲಿ

ಅನಧಿಕೃತ ಉಪಯೋಗವನ್ನು ನಿಲ್ಲಿಸುವಂತೆ ನೋಟಿಸು ನೀಡಲು ಹಾಗೂ ಅನುಮತಿ ಇಲ್ಲದೆ ಕಟ್ಟಿದ ಭಾಗವನ್ನು ಪಾಲಿಕೆಯ ಅಧಿನಿಯಮದ ಕಲಂ 321ರಡಿ ತೆರವುಗೊಳಿಸಲು ಅವಕಾಶವಿದೆ. ಮೀರತ್‌ನ ಶಾಸ್ತ್ರಿ ನಗರದಲ್ಲಿ ವಾಸದ ನಿವೇಶನದ ಮೇಲೆ ಅಂಗಡಿಗಳನ್ನು ಕಟ್ಟಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಎಷ್ಟು ವರ್ಷ ಕಳೆದಿದೆ, ಎಷ್ಟು ಹಣ ಹೂಡಲಾಗಿದೆ ಎಂಬ ಕಾರಣಗಳು ಉಲ್ಲಂಘನೆಗೆ ರಕ್ಷಣೆ ನೀಡುವುದಿಲ್ಲವೆಂದು ಅದರಲ್ಲಿ ಸ್ಪಷ್ಟಪಡಿಸಲಾಗಿದೆ. ಅನಧಿಕೃತ ಕಟ್ಟಡಗಳಲ್ಲಿ ಯಾವುದೇ ವ್ಯಾಪಾರಕ್ಕೆ ಪರವಾನಗಿ ನೀಡಬಾರದೆಂದೂ, ಸ್ವಾಧೀನಾನುಭವ ಪತ್ರವನ್ನು ಪರಿಶೀಲಿಸಿದ ನಂತರವೇ ಬ್ಯಾಂಕುಗಳು ಕಟ್ಟಡದ ಭದ್ರತೆಯ ಮೇಲೆ ಸಾಲ ಮಂಜೂರು ಮಾಡಬೇಕೆಂದೂ ನಿರ್ದೇಶನವಿರುತ್ತದೆ.

“ಅಕ್ರಮ–ಸಕ್ರಮದಲ್ಲಿ ಸರಿಮಾಡಿಕೊಳ್ಳಬಹುದು” ಎಂಬ ಮಾತನ್ನು ನಂಬಿ ಮುಂದುವರಿಯುವುದು ಅಪಾಯಕಾರಿ. ಸದರಿ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿರುತ್ತದೆ.

ಅನುಮತಿ ದೊರೆತ ನಂತರ

ಪರಿಷ್ಕೃತ ನಕ್ಷೆ ಕೈಗೆ ಬಂದ ಕೂಡಲೇ ವ್ಯಾಪಾರ ಆರಂಭಿಸುವಂತಿಲ್ಲ. ನಕ್ಷೆಯಂತೆ ಮೆಟ್ಟಿಲು, ಶೌಚಾಲಯ, ಅಂಗವಿಕಲರಿಗೆ ಇಳಿಜಾರು ಹಾದಿ, ಬೆಂಕಿ ನಂದಿಸುವ ವ್ಯವಸ್ಥೆ ಮುಂತಾದವನ್ನು ಪೂರ್ಣಗೊಳಿಸಿ, ಪಾಲಿಕೆಯ ಅಧಿನಿಯಮದ ಕಲಂ 310ರಡಿ ಪೂರ್ಣಗೊಂಡ ಬಗ್ಗೆ ವರದಿ ಸಲ್ಲಿಸಿ, ಹೊಸ ಉಪಯೋಗಕ್ಕೆ ಸ್ವಾಧೀನಾನುಭವ ಪತ್ರ ಪಡೆಯತಕ್ಕದ್ದು. ನಂತರ ಕಂದಾಯ ಶಾಖೆಯಲ್ಲಿ ತೆರಿಗೆಯ ವರ್ಗವನ್ನು ಬದಲಾಯಿಸಿಕೊಂಡು, ಉದ್ದಿಮೆ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳನ್ನೊಳಗೊಂಡ ಲಿಖಿತ ಹಿಂಬರಹ ಪಡೆಯುವುದು ಅರ್ಜಿದಾರರ ಹಕ್ಕಾಗಿರುತ್ತದೆ. ನಿಲುಗಡೆ ಅಥವಾ ಮೆಟ್ಟಿಲಿನ ಕೊರತೆಯಂತಹ ಕಾರಣಗಳಿದ್ದಲ್ಲಿ ಅವುಗಳನ್ನು ಸರಿಪಡಿಸಿ, ಹಿಂಬರಹದ ಪ್ರತಿಯನ್ನು ಲಗತ್ತಿಸಿ ಹೊಸದಾಗಿ ಅರ್ಜಿ ಸಲ್ಲಿಸಬಹುದು.