ಹನ್ನೆರಡು ಕುರ್ಚಿಗಳ ತರಗತಿ

ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಮೊದಲ ಬಾರಿ ಕಾಲಿಡುವ ವಿದ್ಯಾರ್ಥಿಯ ಅಳುಕು ಮನೆಯವರಿಗೆ ದೂರವಾಣಿಯ ಮಾತಿನಲ್ಲಿ ತಿಳಿಯುವುದಿಲ್ಲ. ನೂರಾರು ಮಂದಿ ಕುಳಿತ ಸಭಾಂಗಣದ ಹಿಂದಿನ ಸಾಲಿನಲ್ಲಿ ಅವನು ವರ್ಷವಿಡೀ ಬಾಯಿ ತೆರೆಯದೆಯೇ ಉತ್ತೀರ್ಣನಾಗಬಲ್ಲನು. ಪ್ರಾಧ್ಯಾಪಕರಲ್ಲಿ ಒಬ್ಬರಿಗೂ ಅವನ ಹೆಸರು ಗೊತ್ತಿರುವುದಿಲ್ಲ.

ಇದನ್ನು ಮನಗಂಡ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು 1959ರಲ್ಲಿ ಪ್ರಥಮ ವರ್ಷದವರಿಗಾಗಿ ಕಿರು ಸೆಮಿನಾರುಗಳನ್ನು ಆರಂಭಿಸಿತು. ಸುಮಾರು 12 ವಿದ್ಯಾರ್ಥಿಗಳು, ಒಬ್ಬರು ಪ್ರಾಧ್ಯಾಪಕರು, ನಡುವೆ ಒಂದು ಮೇಜು. ಧನಸಹಾಯವಿತ್ತವರು ಪೊಲರಾಯ್ಡ್ ಸಂಸ್ಥೆಯ ಎಡ್ವಿನ್ ಲ್ಯಾಂಡ್. ಇವರು ಅದೇ ಹಾರ್ವರ್ಡನ್ನು ಮೊದಲ ವರ್ಷದ ಬಳಿಕ ತೊರೆದವರು. ಮುಂದೆ ಮರಳಿ ಬಂದರೂ ಪದವಿ ಮುಗಿಸಲಿಲ್ಲ! ಹೊಸ ವಿದ್ಯಾರ್ಥಿಯು ಆರಂಭದಿಂದಲೇ ನಿಜವಾದ ಸಂಶೋಧನೆಯಲ್ಲಿ ತೊಡಗಬೇಕೆಂದು 1957ರಲ್ಲಿ ಎಂ.ಐ.ಟಿ.ಯ ಭಾಷಣವೊಂದರಲ್ಲಿ ವಾದಿಸಿದ್ದರು. ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು 1943ರಲ್ಲಿ ಅವರ ಪುಟ್ಟ ಮಗಳು ಕೇಳಿದ ಪ್ರಶ್ನೆಯಿಂದಲೇ ತಕ್ಷಣ ಚಿತ್ರ ನೀಡುವ ಕ್ಯಾಮೆರಾದ ಕಲ್ಪನೆ ಮೂಡಿತಂತೆ. ಮಗುವಿನ ಪ್ರಶ್ನೆಯನ್ನು ಗದರಿ ಸುಮ್ಮನಾಗಿಸದ ತಂದೆಗೆ ಇಂತಹ ತರಗತಿ ಹೊಳೆದುದರಲ್ಲಿ ಆಶ್ಚರ್ಯವೇನು?

ಸೆಮಿನಾರ್ ಎಂಬ ಪದದ ಲ್ಯಾಟಿನ್ ಮೂಲಕ್ಕೆ ಸಸಿಮಡಿ ಎಂಬ ಅರ್ಥವಿದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ಯಾಜಕರನ್ನು ರೂಪಿಸುವ ಗುರುಮಠಗಳಿಗೆ ಆಜ್ಞೆ ಹೊರಡಿಸಿದಾಗ ಬಳಸಿದ್ದೂ ಇದೇ ಮಾತನ್ನು.

ಹಾರ್ವರ್ಡಿನ ಈ ತರಗತಿಗಳಲ್ಲಿ ದರ್ಜೆಯ ಅಂಕಗಳಿಲ್ಲ; ತೃಪ್ತಿಕರ ಅಥವಾ ಅತೃಪ್ತಿಕರ, ಅಷ್ಟೆ. ಹಾಗೆಂದು ಹಗುರವೆಂದು ತಿಳಿಯಬಾರದು. ಓದದೆ ಬಂದವನಿಗೆ ಹನ್ನೆರಡು ಜನರ ನಡುವೆ ಅಡಗಲು ಜಾಗವಿಲ್ಲ. ನಮ್ಮ ಮನೆಗಳಿಂದ ಹೋದ ಮಕ್ಕಳಿಗೆ ನಿಜವಾದ ಪರೀಕ್ಷೆ ಎದುರಾಗುವುದು ಇಲ್ಲಿಯೇ. ಹಿರಿಯರ ಮುಂದೆ ಎದುರಾಡಬಾರದೆಂದು ನಾವು ಕಲಿಸಿದೆವು. ಶಾಲೆಯಲ್ಲಿ ಟಿಪ್ಪಣಿ ಬರೆದು ಬಾಯಿಪಾಠ ಮಾಡಿಸಿದೆವು. ಈಗ ಪ್ರಾಧ್ಯಾಪಕರೇ ಅವರತ್ತ ತಿರುಗಿ, ತಮ್ಮ ಮಾತನ್ನು ಒಪ್ಪದಿದ್ದರೆ ಕಾರಣ ಹೇಳೆನ್ನುತ್ತಾರೆ. ಆ ಮೌನವನ್ನು ವಿನಯವೆಂದು ಅಲ್ಲಿ ಯಾರೂ ಓದಿಕೊಳ್ಳುವುದಿಲ್ಲ, ಸಿದ್ಧತೆಯಿಲ್ಲವೆಂದೇ ಭಾವಿಸುತ್ತಾರೆ. ಗೌರವ ತಪ್ಪದೆಯೂ ಭಿನ್ನಾಭಿಪ್ರಾಯ ಹೇಳಬಹುದೆಂಬುದನ್ನು ರಾತ್ರಿಯ ಊಟದ ಹೊತ್ತಿನಲ್ಲಿ ನಾವು ಎಂದಾದರೂ ಅಭ್ಯಾಸ ಮಾಡಿಸಿದ್ದೇವೆಯೇ?

ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಕುಟುಂಬಗಳು ವೀಸಾ, ಶುಲ್ಕ, ವಸತಿಗಳ ಚಿಂತೆಯ ನಡುವೆ ಈ ತರಗತಿಗಳ ಪಟ್ಟಿಯನ್ನೂ ಮಕ್ಕಳೊಡನೆ ಕುಳಿತು ನೋಡುವುದು ಒಳಿತು. ಸ್ಥಾನಗಳು ಕಡಿಮೆ, ಅರ್ಜಿ ಸಲ್ಲಿಸಿಯೇ ಸೇರಬೇಕು.