ಡ್ರಾಯಿಂಗ್ ಪಿರಿಯಡ್‌ನಲ್ಲಿ ಸಿಮೆಂಟ್ ಧೂಳು

ಪರೀಕ್ಷೆ ಹತ್ತಿರ ಬಂದರೆ ಶಾಲೆಯಲ್ಲಿ ಮೊದಲು ಮಾಯವಾಗೋದು ಡ್ರಾಯಿಂಗ್ ಪಿರಿಯಡ್. ಮಳಖೇಡದ ನಮ್ಮ ಡ್ರಾಯಿಂಗ್ ಸರ್‌ಗೆ ಇದು ರೂಢಿ. ಗಣಿತದವರು ಕೇಳಿದರೆ ಪಿರಿಯಡ್ ಬಿಟ್ಟುಕೊಡ್ತಾರೆ. ಗ್ಯಾದರಿಂಗ್ ಬಂದರೆ ಸ್ಟೇಜು, ಬ್ಯಾನರು ಎಲ್ಲ ಅವರದೇ ಕೆಲಸ.

ಈ ಸಲ ರಜೆಗೆ ಹೋದಾಗ ಅವರ ಕ್ಲಾಸಿನಲ್ಲಿ ಕೂತಿದ್ದೆ. ಮಕ್ಕಳ ಮುಂದೆ ಬಣ್ಣ ಇರಲಿಲ್ಲ. ಶಹಾಬಾದ್ ಕಲ್ಲಿನ ಚೂರು, ತೊಗರಿ ಕಟ್ಟಿಗೆ, ಸಿಮೆಂಟ್ ಧೂಳು ಇತ್ತು. "ಇದರಾಗ ನಿಮ್ಮ ಮನಿ ತೋರಸ್ರಿ" ಅಂದರು.

"ಸರ್, ಇದೂ ಕಲೆ ಏನ್ರಿ?" ಅಂದೆ.

ಅವರು ಶೀಲಾ ಗೌಡರ ಬಗ್ಗೆ ಹೇಳಿದರು. ಭದ್ರಾವತಿಯಲ್ಲಿ ಹುಟ್ಟಿದ ಅವರು ಕಲಿತಿದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ. ಅದನ್ನು ಕಟ್ಟಿ, ಪಾಠ ಹೇಳಿದವರು ಬಾದಾಮಿಯ ಆರ್.ಎಂ. ಹಡಪದ್ ಮೇಷ್ಟ್ರು. 1990ರ ದಶಕದಲ್ಲಿ ಶೀಲಾ ಸಗಣಿಯಿಂದ ಕೃತಿ ಮಾಡಿದರು. ಮುಂದೆ ಸೂಜಿ, ದಾರ, ಕುಂಕುಮದಿಂದ. ಹೆಣ್ಣುಮಕ್ಕಳು ದಿನಾ ಮುಟ್ಟುವ ಸಾಮಾನೇ ಗ್ಯಾಲರಿಗೆ ಹೋಯಿತು.

"ಚಂದ ಚಿತ್ರ ನಿನ್ನ ಫೋನೂ ಮಾಡ್ತದ ತಮ್ಮಾ. ನೋಡೋದು ಮಾತ್ರ ಕಲಿಸ್ಬೇಕಾಗ್ತದ" ಅಂದರು ಸರ್.

ಅಷ್ಟರಲ್ಲಿ ಒಬ್ಬ ಹುಡುಗಿ ಕಲ್ಲಿಗೆ ಗೋಂದು ಹಚ್ಚಿ, ಧೂಳು ಉದುರಿಸಿ ತಂದಳು. "ನಮ್ಮಪ್ಪನ ಅಂಗಿರಿ ಸರ್."

ನಿಮ್ಮ ಮಕ್ಕಳ ಟೈಮ್‌ಟೇಬಲ್‌ನಲ್ಲಿ ಡ್ರಾಯಿಂಗ್ ಇದೆಯಾ? ಇದ್ದರೆ, ಆ ಕ್ಲಾಸು ನಿಜವಾಗಿ ನಡೆಯುತ್ತಾ ಅಂತ ಒಮ್ಮೆ ಕೇಳಿ ನೋಡಿ.