ಗೀರನ್ನು ಕಾಣದ ಕಣ್ಣು

ಹಳೆಯ ಕಂಪ್ಯೂಟರಿನ ಆಪ್ಟಿಕಲ್ ಡ್ರೈವ್, ಅಂದರೆ ಲೇಸರ್ ಬೆಳಕಿನಿಂದ ಸಿ.ಡಿ., ಡಿ.ವಿ.ಡಿ.ಗಳನ್ನು ಓದುವ ಸಾಧನ, ಮುಷ್ಕರ ಹೂಡಿದಾಗಲೆಲ್ಲ ಮೊದಲ ಆರೋಪ ಬೀಳುವುದು ತಟ್ಟೆಯ ಹೊಳಪು ಮೈಯ ಗೀರುಗಳ ಮೇಲೆ; ಆದರೆ ಸಾಧನದ ಒಳಗುಟ್ಟನ್ನು ಬಲ್ಲವರು ಅವುಗಳಲ್ಲಿ ಬಹುಪಾಲನ್ನು ನಿರಪರಾಧಿಗಳೆಂದೇ ಬಿಟ್ಟುಬಿಡುತ್ತಾರೆ.

ಡ್ರೈವಿನ ಜಾತಿ ತಿಳಿಯುವುದು ಅದರ ಹಿಂಬದಿಯಿಂದ. ಅಲ್ಲಿ 40 ಪಿನ್ನುಗಳ ಅಗಲವಾದ ಕಿಂಡಿಯಿದ್ದರೆ ಅದು ಐ.ಡಿ.ಇ. ಮಾದರಿ, ಬೆರಳಗಲಕ್ಕೂ ಕಿರಿದಾದ ಕಿಂಡಿಯಿದ್ದರೆ ಈಚಿನ ಸಾಟಾ ಮಾದರಿ. ಐ.ಡಿ.ಇ.ಯಲ್ಲಿ ಒಂದೇ ಪಟ್ಟಿ ಕೇಬಲ್ಲಿಗೆ ಎರಡು ಸಾಧನಗಳು ಜೋತುಬೀಳುವುದರಿಂದ, ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂಬುದನ್ನು ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಟೋಪಿಯಿಂದ ನಿಗದಿಪಡಿಸಬೇಕು. ಎರಡನ್ನೂ ಮಾಸ್ಟರ್ ಮಾಡಿದರೆ, ಯಂತ್ರ ಆರಂಭವಾಗುವಾಗ ಬಿಡಿಭಾಗಗಳ ಹಾಜರಿ ತೆಗೆದುಕೊಳ್ಳುವ ಬಯಾಸ್‌ಗೆ ಒಂದೂ ಕಾಣದೆ ಹೋಗಬಹುದು. ಕೇಬಲ್ಲಿನ ಕೆಂಪು ಅಂಚು ಒಂದನೆಯ ಪಿನ್ನಿನ ಕಡೆಗಿರಬೇಕು. ಡ್ರೈವಿನ ಮುಖದ ಮೇಲಿನ 52-32-52 ಎಂಬಂಥ ಅಂಕಿಗಳು ಕ್ರಮವಾಗಿ ಬರೆಯುವ, ಅಳಿಸಿ ಬರೆಯುವ ಮತ್ತು ಓದುವ ವೇಗಗಳು. ಇಲ್ಲಿ ಒಂದರ ಬೆಲೆ ಸೆಕೆಂಡಿಗೆ 150 ಕಿಲೋಬೈಟ್.

ನಿಜವಾದ ಸೊಗಸು ಇರುವುದು ಲೇಸರ್ ಕಿರಣವನ್ನು ಚುಕ್ಕೆಯಾಗಿ ಕೂಡಿಸುವ ಮಸೂರದಲ್ಲಿ. ಸಿ.ಡಿ.ಯ ಮಾಹಿತಿಯು ಹೊಳಪು ಮೈಯ ಮೇಲೆ ಇರದೆ, 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಆಚೆ ಬದಿಯಲ್ಲಿ, ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿಯ ಕುಳಿಗಳಲ್ಲಿ ಅಡಗಿರುತ್ತದೆ. 780 ನ್ಯಾನೋಮೀಟರ್ ತರಂಗಾಂತರದ ಕಿರಣವು ಪ್ಲಾಸ್ಟಿಕ್ಕನ್ನು ಹೊಗುವಾಗ ಸುಮಾರು ಮುಕ್ಕಾಲು ಮಿಲಿಮೀಟರ್ ಅಗಲವಿದ್ದು, ಕುಳಿಗಳನ್ನು ಮುಟ್ಟುವ ಹೊತ್ತಿಗೆ ಎರಡು ಮೈಕ್ರಾನಿಗೂ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್) ಕಿರಿದಾದ ಚುಕ್ಕೆಯಾಗುತ್ತದೆ. ಕಿಟಕಿಯಾಚೆಯ ಮರವನ್ನು ದಿಟ್ಟಿಸುವವನಿಗೆ ಗಾಜಿನ ಮೇಲಿನ ಧೂಳು ಹೇಗೆ ಕಾಣುವುದಿಲ್ಲವೋ, ಹಾಗೆಯೇ ಮೇಲ್ಮೈಯ ಸಣ್ಣ ಗೀರು ಲೇಸರಿನ ಕಣ್ಣಿಗೆ ಮಸುಕಾಗಿ ಕರಗುತ್ತದೆ. ಇಷ್ಟಾಗಿಯೂ ತಪ್ಪಿದ್ದನ್ನು ರೀಡ್-ಸಾಲಮನ್ ಸಂಕೇತ ತಿದ್ದುತ್ತದೆ. ಮಾಹಿತಿಯನ್ನು ಚದುರಿಸಿ, ಜೊತೆಗೆ ಲೆಕ್ಕ ತಾಳೆನೋಡುವ ಹೆಚ್ಚುವರಿ ಅಂಕಿಗಳನ್ನಿಟ್ಟಿರುವ ಈ ಏರ್ಪಾಡು, ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಮಾಹಿತಿ ಅಳಿದರೂ ಅದನ್ನು ಮರಳಿ ಕಟ್ಟಬಲ್ಲದು. ಬಟ್ಟೆಯಿಂದ ತಟ್ಟೆಯನ್ನು ದುಂಡಗೆ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕೆನ್ನುವುದು ಇದಕ್ಕಾಗಿಯೇ: ಸುರುಳಿಯನ್ನು ಅಡ್ಡ ಹಾಯುವ ಗೀರು ಪ್ರತಿ ಸುತ್ತಿನಲ್ಲಿ ಕೊಂಚವನ್ನಷ್ಟೇ ಕೆಡಿಸಿದರೆ, ಅದರ ಗುಂಟ ಸಾಗುವ ಗೀರು ಉದ್ದಕ್ಕೂ ನುಂಗುತ್ತದೆ.

ಸಿ.ಡಿ.ಯ ಮರ್ಮಸ್ಥಾನವಿರುವುದು ಯಾರೂ ಕಾಯದ ಹೆಸರುಪಟ್ಟಿಯ ಬದಿಯಲ್ಲಿ. ಅಲ್ಲಿ ಅಲ್ಯೂಮಿನಿಯಮ್ ಪದರಕ್ಕೂ ಹೊರಜಗತ್ತಿಗೂ ನಡುವೆ ತೆಳುವಾದ ಮೆರುಗೆಣ್ಣೆಯ ಲೇಪವಷ್ಟೇ ಇರುತ್ತದೆ. ಡಿ.ವಿ.ಡಿ.ಯಲ್ಲಾದರೆ ಮಾಹಿತಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಸುರಕ್ಷಿತವಾಗಿರುತ್ತದೆ. ಹೊಳಪು ಮೈಗೆ ಟೂತ್‌ಪೇಸ್ಟ್ ಉಜ್ಜಿ ಉಪಚರಿಸಿ, ಮರುಗಳಿಗೆಯೇ ಬೆನ್ನ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಕೊರೆಯುವುದು ವೈದ್ಯವಲ್ಲ, ಮೌಢ್ಯ. ಆಯುಧಪೂಜೆಯಂದು ಡ್ರೈವಿನ ತೆರೆದ ಬಾಯಿಯ ಮುಂದೆ ಊದುಬತ್ತಿ ಬೆಳಗುವ ಭಕ್ತಿಯೂ ಅಂಥದೇ, ಏಕೆಂದರೆ ದೂರದ ಗೀರನ್ನು ಮನ್ನಿಸುವ ಮಸೂರವು ತನ್ನ ಮೈಗೇ ಕವಿದ ಹೊಗೆಯ ಮಸಿಯನ್ನು ಮನ್ನಿಸಲಾರದು. ಆದ್ದರಿಂದ ಮೊದಲು ಜಂಪರನ್ನೂ ಬಳಿಕ ಮಸೂರವನ್ನೂ ಪರೀಕ್ಷಿಸಿ, ತಟ್ಟೆಯ ವಿಚಾರಣೆಯನ್ನು ಕೊನೆಗಿಟ್ಟುಕೊಳ್ಳುವುದು ನ್ಯಾಯ. ಆಗಲೂ ಮೊದಲು ತಿರುವಿ ನೋಡಬೇಕಾದದ್ದು ಅದರ ಬೆನ್ನನ್ನು.